ಅಕ್ಕ ಊರಿಗೆಂದು ಏನನ್ನೂ ಕೊಂಡಿಲ್ಲ

ಒಸಾಕಾ
ನವೆಂಬರ್ ೧೯, ಬುಧವಾರ

ಪ್ರೀತಿಯ ಶಿಗೆಕಿಯವರಿಗೆ,

ನಿಮ್ಮ ಕೆಮ್ಮು ಹೇಗಿದೆ? ಸಪ್ಪೊರೊದಲ್ಲಿ ಆಗಲೇ ಹಿಮ ಬಿತ್ತಂತೆ, ಟೀವಿಯಲ್ಲಿ ನೋಡಿದೆ. ನಾನು ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಅದು ನಿಮ್ಮ ಕಪಾಟಿನಲ್ಲೇ ಬೆಚ್ಚಗೆ ಮಲಗಿದೆಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ನಿಮ್ಮ ಅಕ್ಕನಿಗೆ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ನಾಲ್ಕು ದಿನ ಸುತ್ತಾಡಿ ಹೋಗುತ್ತೇನೆಂದು ದ್ವೀಪದಿಂದ ಬಂದ ಅಕ್ಕ ಇನ್ನೂ ಇಲ್ಲೇ ಇದ್ದಾರೆ. ಈ ವಯಸ್ಸಿನಲ್ಲಿ ಮೊದಲ ಸಲ ನಗರ ನೋಡುತ್ತಿದ್ದಾರೆ, ಪಾಪ, ಎಲ್ಲವೂ ಹಬ್ಬವೇ. ಹೋಟೆಲಿನ ಗಾಜಿನೊಳಗೆ ಇಟ್ಟ ಮೇಣದ ನೂಡಲ್ಸ್ ನೋಡಿ, ಆರಿಹೋಗುತ್ತಿದೆ, ಯಾರಾದರೂ ಬಂದು ತಿನ್ನಬಾರದೇ ಎಂದು ಮರುಗಿದರು. ತಟ್ಟೆಗಳು ತಾವಾಗಿ ಸರಿದು ಬರುವ ಸುಶಿ ಅಂಗಡಿಯಲ್ಲಿ, ಬೇರೆಯವರಿಗೆ ಹೋಗುತ್ತಿರುವುದನ್ನು ಎತ್ತಿಕೊಳ್ಳುವುದು ಹೇಗೆಂದು ಕೈಕಟ್ಟಿ ಕೂತುಬಿಟ್ಟರು. ಬೀದಿಯಲ್ಲಿ ತಕೊಯಾಕಿ ಮಾರುವವನು ಆಕ್ಟೋಪಸ್ ತುಂಬಿದ ಬಿಸಿಬಿಸಿ ಉಂಡೆಗಳ ದೊನ್ನೆ ಕೊಡುತ್ತಾ, "ಊದ್ಕೊಂಡು ತಿನ್ನಮ್ಮ, ಹಿಟ್ಟು ನಂದು, ನಾಲಿಗೆ ನಿಂದು" ಎಂದ. ಇವರು ಊದಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ನಗುತ್ತಾ ಇನ್ನೊಂದು ದೊನ್ನೆ ಕೇಳಿದರು. ಅವರು ಹಾಗೆ ನಗುವುದನ್ನು ನಾನಂತೂ ಹಿಂದೆ ಕಂಡಿರಲಿಲ್ಲ.

ಆದರೆ ಅಕ್ಕ ಊರಿಗೆಂದು ಒಂದು ಪೊಟ್ಟಣವನ್ನೂ ಕೊಂಡಿಲ್ಲ. ನಿಮಗೆ ಗೊತ್ತಲ್ಲ, ಪಕ್ಕದ ದ್ವೀಪಕ್ಕೆ ಹಲ್ಲು ತೋರಿಸಲು ಹೋದರೂ ಬರುವಾಗ ಬೀದಿಗೆಲ್ಲ ಸಿಹಿ ತರುವವರು ಅವರು. ಸ್ಟೇಷನ್ನಿನ ಸಿಹಿ ಅಂಗಡಿಗಳ ಮುಂದೆ ನಾನೇ ಬೇಕೆಂದೇ ನಿಲ್ಲಿಸಿದೆ. ರುಚಿ ನೋಡಿ, ಹೊಗಳಿ, ನನಗೊಂದು ಕೊಡಿಸಿ ಮುಂದೆ ನಡೆದರು. ಯಾವಾಗ ಹೊರಡುತ್ತೀರಿ ಎಂದು ಮನೆಗೆ ಬಂದವರನ್ನು ಕೇಳುವುದುಂಟೇ? ಹಾಗಾಗಿ, ಊರಿನವರಿಗೆ ಏನು ಒಯ್ಯುತ್ತೀರಿ ಎಂದು ನಿನ್ನೆ ಸುತ್ತಿಬಳಸಿ ಕೇಳಿದೆ. ಅವರು ಸೀಬೆಹಣ್ಣಿನ ಸಿಪ್ಪೆ ತೆಗೆಯುತ್ತಿದ್ದರು. "ಯಾರಿಗೆ ಅಂತ ಒಯ್ಲಿ, ಮಿಸಾಯೊ? ಶಾಲೆ ಮುಚ್ಚಿಬಿಟ್ರು. ಕೊನೇಗಿದ್ದ ಎರಡು ಮಕ್ಳೂ ಊರು ಬಿಟ್ಟು ಹೋದ್ವು. ಅಡುಗೆಮನೆ ಬೀಗ ನಾನೇ ಹಾಕಿ ಬಂದೆ" ಎಂದರು. ಅಷ್ಟು ವರ್ಷ ಆ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವರು ನಿಮಗೊಂದು ಮಾತೂ ತಿಳಿಸಿರಲಿಲ್ಲ.

ಮಾರ್ಚಿನಲ್ಲಿ ಕಂಪನಿ ಸಪ್ಪೊರೊದಲ್ಲೇ ಮನೆ ಕೊಡುತ್ತದೆ, ನೀನೂ ಬಂದುಬಿಡು ಎಂದಿದ್ದೀರಿ. ಆ ಮಾರ್ಚನ್ನೇ ನೆನೆಯುತ್ತಾ ಇಷ್ಟು ದಿನ ಒಬ್ಬಳೇ ಕೂತು ಉಂಡಿದ್ದೇನೆ. ಆ ಮನೆ ಗಂಡ ಹೆಂಡತಿಗೆ ಮಾತ್ರವಂತೆ, ನೀವೇ ಹೇಳಿದ್ದು. ಅಕ್ಕ ಉಳಿದರೆ ಅವರನ್ನು ಇಲ್ಲಿ ಬಿಟ್ಟು ನಾನು ಹೇಗೆ ಬರಲಿ? ಹೋಗಿ ಅನ್ನುವ ಬಾಯಿಯೂ ನನಗಿಲ್ಲ. ತಾಯಿಯಿಲ್ಲದ ನಿಮ್ಮನ್ನು ಸಾಕಲು ಮದುವೆಯನ್ನೇ ಬಿಟ್ಟವರು. ಸಿಟ್ಟು ಬಂದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಹೊರಗೆ ಬಂದರೆ ಮೀನಿನ ಒಳ್ಳೆಯ ತುಂಡನ್ನು ನನ್ನ ತಟ್ಟೆಗೇ ಹಾಕಿಟ್ಟಿರುತ್ತಾರೆ. ನನಗೆ ಏನೂ ತೋಚುತ್ತಿಲ್ಲ.

ನೀವೇ ಅವರಿಗೊಂದು ಫೋನ್ ಮಾಡಿ ಮೆಲ್ಲಗೆ ಕೇಳಿ. ನಾನು ಬರೆದೆನೆಂದು ಮಾತ್ರ ಹೇಳಬೇಡಿ. ಮೈ ಬೆಚ್ಚಗಿಟ್ಟುಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಮಿಸಾಯೊ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕ ಪೇಟೆಯಿಂದ ಬಂದರು, ಕೈಯಲ್ಲಿ ಚೀಲ. ಕೊನೆಗೂ ಕೊಂಡರಲ್ಲ ಎಂದು ಹಿಗ್ಗಿಹೋಗಿ, ಹಡಗಿನ ವೇಳೆ ನೋಡಲೇ ಎಂದು ಕೇಳಿಯೂಬಿಟ್ಟೆ. ಚೀಲದಲ್ಲಿ ಸಿಹಿ ಇರಲಿಲ್ಲ. ಬಿಳಿ ಕಾಗದ ಸುತ್ತಿ ತಮ್ಮ ಹೆಸರು ಬರೆಸಿದ ಕೈ ಟವೆಲ್‌ಗಳಿದ್ದವು. ಈ ಮನೆಗೆ ಹೊಸದಾಗಿ ಬಂದಾಗ ನಾವಿಬ್ಬರೂ ಅಕ್ಕಪಕ್ಕದವರಿಗೆ ಹಂಚಿದ್ದೆವಲ್ಲ, ಅಂಥವೇ. ಒಳ್ಳೆಯ ಕೋಟು ತೊಟ್ಟುಕೊಂಡು, ನನಗೆ ಯಾರ ಪರಿಚಯವೂ ಇಲ್ಲ, ಜೊತೆಗೆ ಬಾ ಎಂದು ಕರೆದರು. ಹೋದೆ. ಒಂದೊಂದು ಬಾಗಿಲಲ್ಲೂ ಅವರು, "ಇನ್ಮೇಲೆ ಇಲ್ಲೇ ಇರ್ತೀನಿ, ನನ್ನನ್ನೂ ನಿಮ್ಮೋಳು ಅಂದ್ಕೊಳ್ಳಿ" ಎಂದು ತಲೆ ಬಾಗಿಸಿದರು. ಪ್ರತಿ ಬಾಗಿಲಲ್ಲೂ ಅವರ ಜೊತೆಗೆ ನಾನೂ ಬಾಗಿಸಿದೆ.