ಇಪ್ಪತ್ತಮೂರನೆಯ ಪ್ರಶ್ನೆ

ಫೆಬ್ರವರಿ ೩೦, ೨೧೮೮

ಸಮೀಕ್ಷೆಯ ಕಸ್ತೂರಕ್ಕನವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಈ ಕಾಗದ ನಿಮ್ಮ ೨೦೨೬ಕ್ಕೆ ಹೇಗೆ ಬಂತೆಂದೂ ಕೇಳಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಮೇಲಿನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ತಡವೋದುಗಾರ್ತಿ. ಹಳೆಯ ಸಮೀಕ್ಷೆಗಳ ಉತ್ತರಗಳನ್ನಲ್ಲ, ಉತ್ತರಿಸುವ ಮುಂಚೆ ಜನ ಎಷ್ಟು ತಡ ಮಾಡಿದರು ಎಂಬುದನ್ನು ಓದುವುದು ನನ್ನ ಕೆಲಸ. ನಮ್ಮಲ್ಲಿ ಓಣಿಗೊಂದು ಗುಟ್ಟುಗೂಡು ಇದೆ. ಒಬ್ಬರೇ ಒಳಹೋಗಿ, ಚಿಲಕ ಹಾಕಿಕೊಂಡು, ಪರದೆ ಕೇಳಿದ್ದಕ್ಕೆ ಉತ್ತರಿಸಬೇಕು. ಗಂಡನಾಗಲಿ ಅತ್ತೆಯಾಗಲಿ ಹನ್ನೆರಡು ಹೆಜ್ಜೆ ದೂರ ನಿಲ್ಲಬೇಕು. ಅಲ್ಲಿಂದ ಬಂದ ಉತ್ತರವನ್ನೂ ನಾನು ನಂಬುವುದಿಲ್ಲ. ಚಹಾ ಕುಡಿಯುತ್ತ ಎಲ್ಲರ ಮೇಲೂ ಗುಮಾನಿ ಪಡುವುದಕ್ಕೇ ನನಗೆ ಸಂಬಳ.

ನಿಮ್ಮ ಲೆಕ್ಕದಲ್ಲಿ ನಿನ್ನೆ, ನೇಕಾರರ ಓಣಿಯ ರೇಣವ್ವನ ಕೈಗೆ ಟ್ಯಾಬ್ ಕೊಟ್ಟಿರಿ. ಆಕೆಗೆ ಓದು ಬಾರದು. ಇಯರ್‌ಫೋನ್‌ನಲ್ಲಿ ಪ್ರಶ್ನೆ ಕೇಳಿಸುತ್ತದೆ. ಹಸಿರು ಒತ್ತಿದರೆ ಹೌದು, ಕೆಂಪು ಒತ್ತಿದರೆ ಇಲ್ಲ. ಇಪ್ಪತ್ತೆರಡು ಪ್ರಶ್ನೆಗೆ ಆಕೆ ನಿಧಾನವಾಗಿ ಉತ್ತರಿಸಿದ್ದಾಳೆ. ಇಪ್ಪತ್ತಮೂರನೆಯದು: ಮನೆಯಲ್ಲಿ ಯಾರಾದರೂ ನಿಮ್ಮನ್ನು ಹೊಡೆಯುತ್ತಾರೆಯೇ? ಐವತ್ತೊಂದು ಸೆಕೆಂಡು ಸುಮ್ಮನಿದ್ದು ಹಸಿರು ಒತ್ತಿದ್ದಾಳೆ. ಅಷ್ಟರಲ್ಲಿ ಯಾರೋ ಇಯರ್‌ಫೋನ್ ಕಿತ್ತಿದ್ದಾರೆ. ತಪಾಸಣೆಗೆಂದು ಟ್ಯಾಬ್ ತಾನೇ ಮುದ್ರಿಸಿಕೊಂಡ ಧ್ವನಿಯಲ್ಲಿ ಅತ್ತೆಯ ಮಾತಿದೆ: "ಅದೇನ್ ಕೇಳಾಕತ್ತೈತಿ? ವಾಯರ್ ತಗೀ, ನಾವೂ ಕೇಳೂಣು." ಹಿಂದೆಯೇ ನಿಮ್ಮ ಮಾತು, ಕಸ್ತೂರಕ್ಕ: "ಕೇಳ್ರಿ ಯವ್ವಾ, ಇದ್ರಾಗ ಮುಚ್ಚಿಡೂದೇನೈತಿ? ಲಗೂ ಮುಗೀಲಿ." ಅದೇ ಪ್ರಶ್ನೆ ಇಡೀ ಮನೆಗೆ ಕೇಳುವಂತೆ ಮತ್ತೊಮ್ಮೆ ಬಂದಿದೆ. ಹಸಿರು ಹೋಗಿ ಕೆಂಪಾಗಿದೆ. ಉಳಿದ ಹನ್ನೊಂದಕ್ಕೂ ಕೆಂಪು, ಒಂದೊಂದಕ್ಕೆ ಒಂದೇ ಸೆಕೆಂಡು.

ಅಯ್ಯೋ, ಒಂದು ಸೆಕೆಂಡಿನಲ್ಲಿ ಪ್ರಶ್ನೆಯೇ ಮುಗಿಯುವುದಿಲ್ಲವಲ್ಲ! ಆ ಬೆರಳು ಯಾರದು? ಅತ್ತೆಯದೋ, ಮುಂದಿನ ಮನೆಯ ಅವಸರದಲ್ಲಿದ್ದ ನಿಮ್ಮದೋ? ನನಗೆ ನಿಮ್ಮ ಮೇಲೇ ಗುಮಾನಿ.

ನಿಮ್ಮ ಕಚೇರಿ ಎಣಿಸುವುದು ಕೊನೆಯ ಉತ್ತರವನ್ನಷ್ಟೇ. ಆ ಓಣಿಯಲ್ಲಿ ಹೊಡೆತ ತಿನ್ನುವವರು ಯಾರೂ ಇಲ್ಲವೆಂದು ವರದಿ ಬರೆದು ಕೈ ತೊಳೆದುಕೊಳ್ಳುತ್ತದೆ. ಮರುವರ್ಷದ ಸಮೀಕ್ಷೆಯೂ ನನ್ನ ಮುಂದಿದೆ. ಅದೇ ಮನೆ, ಅದೇ ಅತ್ತೆ, ಅದೇ ಗಂಡ. ರೇಣವ್ವನ ಹೆಸರಿನ ಎದುರು ‘ಈಗ ಇಲ್ಲ’ ಎಂದಿದೆ. ಕಾರಣ ಬರೆಯುವ ಜಾಗ ಖಾಲಿ. ಆ ನಮೂನೆ ತುಂಬಿದವರೂ ನೀವೇ.

ನನ್ನ ಪಾಲಿಗೆ ಆಕೆ ಎಂದೋ ಹೋದವಳು. ನಿಮ್ಮ ಪಾಲಿಗೆ ಈ ಹೊತ್ತಿನಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದಾಳೆ. ಟ್ಯಾಬ್ ಬೇಡ, ಬರಿಗೈಯಲ್ಲಿ ಹೋಗಿ. ಬೇರೆ ಯಾರೂ ಇಲ್ಲದ ಕಡೆ ಕರೆದು ಕೇಳಿ. ಆಕೆ ಬಾಯಿ ಬಿಡುವವರೆಗೆ ಎದ್ದು ಬರಬೇಡಿ.

ನಿಮ್ಮನ್ನು ಇನ್ನೂ ನಂಬದ,
ಚಂದ್ರಗೌರಿ