ಡೇರೆಯೊಳಗೆ ನಿನ್ನಪ್ಪ

ನವೆಂಬರ್ ೧೭, ಭಾನುವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಎಂದು ಕೇಳಲಿಕ್ಕೂ ಸಂಕೋಚವಾಗುತ್ತದೆ. ನಿನ್ನಪ್ಪನನ್ನು ಚಿತೆಗೇರಿಸಿ ತಿಂಗಳಾಗುತ್ತ ಬಂತು. ಅದು ಹೇಗಾಯಿತು ಎಂದು ಕೇಳಲು ನೀನು ಫೋನ್ ಮಾಡಿದಾಗಲೆಲ್ಲ, "ಗಿರಾಕಿ ಇದ್ದಾರಮ್ಮ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಅಂಗಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಒರೆಸಿದ ಕನ್ನಡಕಗಳನ್ನೇ ಮತ್ತೆ ಒರೆಸುತ್ತ ಕೂತಿದ್ದೆ. ಬಾಯಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಡವಾಯಿತೆಂದು ಬೈದುಕೋ, ಆದರೆ ಪೂರ್ತಿ ಓದು.

ನಿನ್ನ ಸಿಟ್ಟು ನನಗೆ ಗೊತ್ತು. ನಿನ್ನಮ್ಮನಿಗೆ ದಿಢೀರನೆ ಎದೆನೋವು ಬಂದಾಗ ನಿನ್ನಪ್ಪ ಬೆಟ್ಟ ಹತ್ತುತ್ತ, ಫೋನೂ ಮುಟ್ಟದ ಎತ್ತರದಲ್ಲಿದ್ದ. ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬೆಟ್ಟಾನೇ ಕಟ್ಕೊಂಡಿರಿ, ನನ್ನ ಮನೆಗೆ ಬರಬೇಡಿ" ಎಂದೆಯಂತೆ. ಅವನೇ ಹೇಳಿದ, ನಿನ್ನದೇನೂ ತಪ್ಪಿಲ್ಲವೆಂಬಂತೆ. ಆಮೇಲೆ ವರ್ಷಗಟ್ಟಲೆ ಅವನು ಬೆನ್ನಚೀಲ ಮುಟ್ಟಲಿಲ್ಲ. ಈ ಸಲ ಹಟ ಹಿಡಿದವನು ಲಂಬು, ಅಂಚೆ ಕಚೇರಿಯ ನಮ್ಮ ಉದ್ದನೆಯ ಗೆಳೆಯ. "ಮಂಡಿ ಗಟ್ಟಿ ಇರೋವಾಗಲೇ ಮೂರೂ ಜನ ಒಂದ್ಸಲ ಹಿಮದ ಬೆಟ್ಟಕ್ಕೆ ಹೋಗಿ ಬರೋಣ ಕಣ್ರೋ" ಎಂದು ದುಂಬಾಲು ಬಿದ್ದ.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಕರೆಂಟಿನ ಕೆಲಸದಲ್ಲಿ ಏಣಿ ಹತ್ತಿ ವಯರ್ ಎಳೆದು ಪಳಗಿದ ಜೀವ ನಿನ್ನಪ್ಪನದು. ನಮಗಿಂತ ಮುಂದೆಯೇ ನಡೆದ. ಮರಗಳು ಕೆಳಗುಳಿದು ಬರೀ ಕಲ್ಲು, ಹಿಮ ಕಾಣತೊಡಗಿದ ಮೇಲೆ ಅವನಿಗೆ ಕೆಮ್ಮು ಬಂತು. ಊಟ ಸೇರದಾಯಿತು. ಲಂಬು, "ಇಳಿದುಬಿಡೋಣ ಕಣೋ" ಎಂದ.

"ಗಂಟಲು ಕೆರೀತಿದೆ ಅಷ್ಟೆ. ನೀನು ನಿನ್ನ ಮಂಡಿ ನೋಡ್ಕೋ" ಎಂದು ನಿನ್ನಪ್ಪ ನಮ್ಮನ್ನು ನಗಿಸಿಬಿಟ್ಟ. ನಾವೂ ನಂಬಿದೆವು.

ಮರುದಿನ ಎದ್ದು ನೋಡಿದರೆ ಅವನ ತುಟಿ ನೀಲಿ. ಉಸಿರೆಳೆದರೆ ಎದೆಯೊಳಗೆ ನೀರು ಕುದಿಯುವ ಸದ್ದು. ಅಷ್ಟು ಎತ್ತರದಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದಂತೆ, ಬೇಗ ಕೆಳಗಿಳಿಸಬೇಕಂತೆ. ಇಬ್ಬರೂ ಹೆಗಲು ಕೊಟ್ಟು ಇಳಿಸತೊಡಗಿದೆವು. ಆದರೆ ಹೊಸ ಹಿಮ ಬಿದ್ದು ದಾರಿಯೇ ಮುಚ್ಚಿಹೋಗಿತ್ತು. ಸೊಂಟದ ತನಕ ಹೂತುಹೋಗುತ್ತಿದ್ದೆವು. ಒಂದು ಬಂಡೆಯ ಹತ್ತಿರ ಅವನು ಕುಸಿದು ಕೂತ. "ಆಗಲ್ಲ ಕಣ್ರೋ, ಫ್ಯೂಸ್ ಹೋಯ್ತು" ಎಂದ. ಈ ಸಲ ಯಾರಿಗೂ ನಗು ಬರಲಿಲ್ಲ.

ಅಲ್ಲೇ ಡೇರೆ ಹಾಕಿದೆವು. ಲಂಬು ಒಬ್ಬನೇ ಸಹಾಯ ತರಲು ಇಳಿದ. ಹೊರಡುವಾಗ ತನ್ನ ಕೈಗವಸು ಕಳಚಿ ನಿನ್ನಪ್ಪನ ಕೈಗವಸಿನ ಮೇಲೆ ತೊಡಿಸಿದ. ಹಿಮದ ಚಳಿಗೆ ಲಂಬುವಿನ ಎರಡು ಬೆರಳು ಹೋದದ್ದು ಹಾಗೆ. ಆಸ್ಪತ್ರೆಗೆ ನೋಡಲು ಹೋದರೆ, "ಸೀಲು ಹೊಡೆಯೋಕೆ ಉಳಿದದ್ದು ಸಾಕು ಬಿಡು" ಎನ್ನುತ್ತಾನೆ. ಆಮೇಲೆ ಗೋಡೆಯ ಕಡೆ ತಿರುಗಿಬಿಡುತ್ತಾನೆ.

ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತೆಂದು ನಿನ್ನಪ್ಪನನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತೆ. ಹಿಮ ಕರಗಿಸಿ ಚಮಚದಲ್ಲಿ ಕೊಟ್ಟ ನೀರು ಗಲ್ಲದ ಮೇಲೆ ಹರಿಯಿತು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಂತು. ಹಳದಿ ಡೇರೆಯೊಳಗೆ ಎಂಥ ಚೆಂದದ ಬೆಳಕು! ನನಗೆ ಅದನ್ನು ಹರಿದು ಬಿಸಾಡುವಷ್ಟು ಸಿಟ್ಟು ಬಂತು.

"ಲಂಬು ಬಂದ್ನಾ?" ಎಂದು ಕೇಳುತ್ತಿದ್ದ.

"ಇನ್ನೇನು ಬಂದ ಕಣೋ" ಎನ್ನುತ್ತಿದ್ದೆ.

ಆ ಬಿಸಿಲು ಇಳಿಯುವ ಮೊದಲೇ ಹೋಗಿಬಿಟ್ಟ, ಪುಟ್ಟಿ. ಉಸಿರಿನ ಸದ್ದು ನಿಂತದ್ದು ತಿಳಿದಿತ್ತು. ಆದರೂ ಅವನ ಎದೆ ಉಜ್ಜುವುದನ್ನು ನಿಲ್ಲಿಸಲಾಗಲಿಲ್ಲ. ಲಂಬು ಕಳಿಸಿದ ಜನ ಬಂದದ್ದು ಮರುದಿನ. ಅವರೇ ನನ್ನ ಕೈ ಬಿಡಿಸಿದರು.

ನಿನ್ನ ಮಗು ಗೋಡೆ ಹಿಡಿದು ನಿಲ್ಲುತ್ತಿದೆ ಎಂದು ಕೇಳಿ ಸಂತೋಷವಾಯಿತು. ವೇಳೆಗೆ ಸರಿಯಾಗಿ ಊಟ ಮಾಡು, ಅತ್ತು ಅತ್ತು ಆರೋಗ್ಯ ಕೆಡಿಸಿಕೊಳ್ಳಬೇಡ. ನಿನ್ನ ಮನೆಯಲ್ಲಿ ಇನ್ನು ಮುಂದೆ ಒಳ್ಳೆಯ ಸುದ್ದಿಯೇ ಬರುತ್ತಿರಲಿ, ತಾಯಿ.

ನಿನ್ನ,
ಕನ್ನಡಕದ ಮಾಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಗೆ ಅವನಿಗೆ ನನ್ನ ಗುರುತು ಹತ್ತಲಿಲ್ಲ. ನನ್ನ ಕೈ ತಡಕಿ ಹಿಡಿದು, "ಪುಟ್ಟೀ, ಬಂದ್ಯಾ?" ಎಂದ. "ಬಂದೆ ಅಪ್ಪ" ಎಂದೆ. "ಇನ್ನೂ ಸಿಟ್ಟಿದೆಯಾ?" ಎಂದ. "ಇಲ್ಲಪ್ಪ, ಯಾವಾಗಲೋ ಹೋಯ್ತು" ಎಂದೆ. "ಹೌದಾ" ಎಂದ. ಆಮೇಲೆ ಮಾತಾಡಲಿಲ್ಲ. ಸಿಟ್ಟು ಹೋಯ್ತು ಎಂಬುದು ನೀನು ಹೇಳಬೇಕಾದ ಮಾತು, ಅಥವಾ ಹೇಳದೇ ಇರಬೇಕಾದ ಮಾತು. ನಿನ್ನನ್ನು ಕೇಳದೆ ನಾನು ಕೊಟ್ಟುಬಿಟ್ಟೆ. ಅವನು ಅದನ್ನು ನಂಬಿಯೇ ಹೋದ. ನಿನ್ನ ಸಿಟ್ಟು ಹೋಗಿಲ್ಲದಿದ್ದರೆ, ಸುಳ್ಳು ಹೇಳಿದವನು ನಾನು ಇನ್ನೂ ಇದ್ದೇನೆ. ಬಂದು ನನ್ನನ್ನೇ ಬೈದುಬಿಡು, ಮಗಳೇ.