ಅಪ್ಪ ತಿರುಗಿಸಿದ ಮುಳ್ಳು

ಅಕ್ಕಾ,

ಚಿಂತೆ ಇದ್ದವಳಿಗೆ ತಕ್ಕಡಿಯ ಮೇಲೂ ಹಸಿವು. ಗಾದೆ ಕೆಡಿಸಿದ್ದು ನಾನು, ಕತೆ ಮಾತ್ರ ನಿಜ.

ಹೋದ ತಿಂಗಳು ಡಾಕ್ಟರು ಮೂಗಿನಲ್ಲೇ ಹೇಳಿದರಲ್ಲ, "ಸದಾ ಚಿಂತೆ ಮಾಡಿದ್ರೆ ಕಾರ್ಟಿಸೋಲ್ ಅನ್ನೋ ಹಾರ್ಮೋನು ಏರುತ್ತಮ್ಮಾ, ಹಸಿವು ಕೆರಳುತ್ತೆ, ಹೊಟ್ಟೆ ಸುತ್ತ ಕೊಬ್ಬು ಕೂರುತ್ತೆ, ಸಕ್ಕರೆನೂ ಏರಬಹುದು" ಅಂತ? ಆ ಚಿಂತೆಗೇ ನೀನು ಒಂದು ಪೊಟ್ಟಣ ಬಿಸ್ಕತ್ತು ಮುಗಿಸಿದೆ. ತಕ್ಕಡಿ ರಿಪೇರಿಯ ನಮ್ಮಪ್ಪನಿಗೆ ತಡೆಯಲಾಗಲಿಲ್ಲ. ನಿನಗೆ ಸಮಾಧಾನವಾಗಲೆಂದು ದಿನಾ ನೀನು ಏಳುವ ಮೊದಲೇ ತೂಕದ ಯಂತ್ರದ ಮುಳ್ಳನ್ನು ಚೂರುಚೂರೇ ಹಿಂದಕ್ಕೆ ತಿರುಗಿಸಿದರು. ಕಸುಬಿನ ಕೈ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ತೂಕ ದಿನಾ ಇಳಿಯುವುದನ್ನು ನೋಡಿ, ಸೊರಗಿ ಸಾಯುವ ರೋಗ ಬಂದಿದೆ ಎಂದು ನಿನ್ನೆ ಅಳುತ್ತಾ ಕೂತೆಯಲ್ಲ, ಆ ರೋಗದ ಹೆಸರು ಅಪ್ಪ. ಸೊರಗಿದವಳಿಗೆ ಬಟ್ಟೆ ಯಾಕೆ ಬಿಗಿಯಾಗುತ್ತಿದೆ ಎಂದು ನಾವ್ಯಾರೂ ಕೇಳಲಿಲ್ಲ ನೋಡು!

ಹಾಲು ಕಾಯಿಸಿಟ್ಟಿದ್ದೇನೆ. ಸಕ್ಕರೆ ಪರೀಕ್ಷೆಗೆ ಹೋಗು, ಉಯಿಲು ಬರೆಯಬೇಡ. ನನ್ನ ಪಾಲಿಗೆಂದು ನೀನು ಕೊಟ್ಟ ವಾಚು ಮೇಜಿನ ಮೇಲಿದೆ, ಅಳುತ್ತಲೇ ವಾಪಸ್ ಕೊಡುತ್ತಿದ್ದೇನೆ.

ಅಪ್ಪ ಕೆಳಗೆ ಅಂಗಡಿಯ ಬಾಗಿಲು ಹಾಕಿಕೊಂಡು ಕೂತಿದ್ದಾರೆ. "ಅವಳು ನಗೋ ಸದ್ದು ಕೇಳಿದ್ಮೇಲೇ ಮೇಲೆ ಬರ್ತೀನಿ" ಅಂದರು. ನಮ್ಮೆಲ್ಲರಿಗಿಂತ ಜೋರಾಗಿ, ಬೀದಿಗೇ ಕೇಳುವ ಹಾಗೆ ನಗು. ಬೇಗ ನಗು. ಈಗ ಚಿಂತೆಯೂ ಬಿಸ್ಕತ್ತಿನ ಡಬ್ಬಿಯೂ ಅವರ ಹತ್ತಿರವೇ ಇವೆ.